ಏಳನೇ ತರಗತಿ ಭಿನ್ನರಾಶಿ: ಎಲ್ಲಿ ಎಡವುತ್ತಿದ್ದಾರೆಂದು ಹಿಡಿಯುವುದು ಹೇಗೆ?

ಭಿನ್ನರಾಶಿ ಸಂಕಲನದಲ್ಲಿ ಎರಡು ಸಲ ಪರೀಕ್ಷೆ ಕೊಟ್ಟರೂ ಮಕ್ಕಳು ಎಲ್ಲಿ ಎಡವುತ್ತಿದ್ದಾರೆಂದು ತಿಳಿಯುತ್ತಿಲ್ಲ ಎಂದು ಕೇಳಿದ್ದೀರಿ. ನೀವು ಎರಡು ಸಲವೂ ಕೊಟ್ಟದ್ದು ಘಟಕ ಪರೀಕ್ಷೆ, ಅಂದರೆ ಪಾಠ ಮುಗಿದ ಮೇಲೆ ಕಲಿತದ್ದನ್ನು ಅಳೆಯುವ ಸಾಧನಾ ಪರೀಕ್ಷೆ. ಅದು ಎಷ್ಟು ಬಂತು ಎಂದು ಹೇಳುತ್ತದೆ, ಏಕೆ ಬರಲಿಲ್ಲ ಎಂದು ಹೇಳುವುದಿಲ್ಲ. ಮಕ್ಕಳು ಎಲ್ಲಿ ತಪ್ಪುತ್ತಿದ್ದಾರೆಂದು ತಿಳಿಯಲು ನೈದಾನಿಕ ಪರೀಕ್ಷೆಯೇ (ತಪ್ಪಿನ ಜಾಗ ಮತ್ತು ಕಾರಣ ಹುಡುಕುವ ಪರೀಕ್ಷೆ) ಬೇಕು.

ಮೊದಲು ಭಿನ್ನರಾಶಿ ಸಂಕಲನವನ್ನು ಮೆಟ್ಟಿಲುಗಳಾಗಿ ಒಡೆಯಿರಿ: ಸಮಾನ ಭಿನ್ನರಾಶಿ ಬರೆಯುವುದು, ಲ.ಸಾ.ಅ. (ಲಘುತಮ ಸಾಮಾನ್ಯ ಅಪವರ್ತ್ಯ) ಕಂಡುಹಿಡಿಯುವುದು, ಒಂದೇ ಛೇದದ ಕೂಡಿಕೆ, ಬೇರೆ ಛೇದದ ಕೂಡಿಕೆ. ಒಂದೊಂದಕ್ಕೂ ನಾಲ್ಕು ಪ್ರಶ್ನೆ. ಸಂಖ್ಯೆ ಮಾತ್ರ ಬದಲಾಗಲಿ, ಬಗೆ ಬದಲಾಗಬಾರದು. ವಾಕ್ಯರೂಪದ ಲೆಕ್ಕ ಸೇರಿಸಲೇಬೇಡಿ. ಓದಲು ಬಾರದ ಮಗುವೂ ಲೆಕ್ಕ ಬಾರದ ಮಗುವಿನಂತೆ ಕಾಣುತ್ತದೆ. ಅಂಕವಿಲ್ಲ, ಗಡುವಿಲ್ಲ ಎಂದು ಮೊದಲೇ ಹೇಳಿ. ಕಚ್ಚಾ ಲೆಕ್ಕ ಅದೇ ಹಾಳೆಯಲ್ಲಿರಲಿ, ಅಳಿಸುವುದು ಬೇಡ.

ತಿದ್ದುವಾಗ ಸರಿ-ತಪ್ಪಿಗಿಂತ ತಪ್ಪಿನ ರೂಪ ಬರೆದಿಟ್ಟುಕೊಳ್ಳಿ. 1/2 + 1/3 = 2/5 ಎಂದು ಬರೆದ ಮಗು ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡಿದೆ. ನಾಲ್ಕರಲ್ಲಿ ಮೂರು ಕಡೆ ಇದೇ ಕಂಡರೆ ಅದು ತಪ್ಪು ಕಲ್ಪನೆ. ಮತ್ತಷ್ಟು ಲೆಕ್ಕ ಕೊಟ್ಟರೆ ಅದೇ ಗಟ್ಟಿಯಾಗುತ್ತದೆ. ಬದಲಿಗೆ ಕಾಗದ ಮಡಿಸಿ, ಅರ್ಧಕ್ಕಿಂತ 2/5 ಚಿಕ್ಕದೆಂದು ತೋರಿಸಿ; ಅರ್ಧಕ್ಕೆ ಇನ್ನಷ್ಟು ಕೂಡಿದರೆ ಉತ್ತರ ಅರ್ಧಕ್ಕಿಂತ ಚಿಕ್ಕದಾಗಲಾರದೆಂದು ಮಗುವಿಗೇ ಕಾಣುತ್ತದೆ. ಒಂದೇ ಕಡೆ ತಪ್ಪಿದ್ದರೆ ಬಹುಶಃ ಅಜಾಗರೂಕತೆ. ಎರಡು ಕಡೆ ತಪ್ಪಿದ್ದರೆ ಹಾಳೆ ನೋಡಿ ತೀರ್ಮಾನಿಸಲಾಗದು. ಮಗುವನ್ನು ಪಕ್ಕಕ್ಕೆ ಕೂರಿಸಿಕೊಂಡು ಬಾಯಲ್ಲಿ ಹೇಳುತ್ತಾ ಮಾಡಿಸಿ.

ಪರಿಹಾರ ಬೋಧನೆಯನ್ನು, ಅಂದರೆ ತಪ್ಪು ಸರಿಪಡಿಸುವ ಪಾಠವನ್ನು, ಎಡವಿದ ಮೊದಲ ಮೆಟ್ಟಿಲಿನಿಂದ ಶುರು ಮಾಡಿ.