ರಕ್ತ ದಪ್ಪ ಅಂತ ನೀವೇ ಮಾತ್ರೆ ಶುರು ಮಾಡಬೇಡಿ

ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ಅಷ್ಟರಲ್ಲಾಗಲೇ ಯಾರದೋ ಮಾತು ಕೇಳಿ ಮಾತ್ರೆ ನುಂಗಲು ಶುರು ಮಾಡಿರುತ್ತಾರೆ. ನನಗೆ ಸಿಟ್ಟು ಬರುವುದು ಅದಕ್ಕೇ.

ಪ್ರಶ್ನೆ: ನನಗೆ 52 ವರ್ಷ, ಸಿಗರೇಟ್ ಸೇದುತ್ತೇನೆ. ಹಿಮೋಗ್ಲೋಬಿನ್ 17.9, ಪಿಸಿವಿ (ರಕ್ತದಲ್ಲಿ ಕೆಂಪು ಕಣಗಳ ಶೇಕಡಾ ಪಾಲು) 54 ಬಂದಿದೆ. ರಕ್ತ ದಪ್ಪವಾದರೆ ಹಾರ್ಟ್ ಅಟ್ಯಾಕ್ ಆಗುತ್ತದಂತೆ. ಸ್ನೇಹಿತರು ಹೇಳಿದರು ಅಂತ ದಿನಾ ಆಸ್ಪಿರಿನ್ 75 ತಗೊಳ್ತಿದ್ದೇನೆ. ಸರಿನಾ?

ಉತ್ತರ: ಸರಿಯಲ್ಲ. ಆಸ್ಪಿರಿನ್ ರಕ್ತವನ್ನು ನೀರಾಗಿಸುವುದಿಲ್ಲ. ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟದಂತೆ ತಡೆಯುತ್ತದೆ, ಅಷ್ಟೇ. ಎಷ್ಟು ನುಂಗಿದರೂ ನಿಮ್ಮ ಪಿಸಿವಿ ಇಳಿಯುವುದಿಲ್ಲ.

ರಕ್ತ ದಪ್ಪವಾಗುವುದು ಮುಖ್ಯವಾಗಿ ಕೆಂಪು ಕಣಗಳು ಜಾಸ್ತಿಯಾದಾಗ. ದಪ್ಪ ರಕ್ತದವರಲ್ಲಿ ಹೃದಯದ ಕಾಯಿಲೆ ಸ್ವಲ್ಪ ಜಾಸ್ತಿ ಕಾಣುವುದು ನಿಜ. ಆದರೆ ಅವರಲ್ಲಿ ಸಿಗರೇಟು, ಬೊಜ್ಜು, ಬಿಪಿಯೂ ಜಾಸ್ತಿ. ಯಾವುದರ ಪಾಲು ಎಷ್ಟು ಅಂತ ಬಿಡಿಸುವುದು ಕಷ್ಟ. ಹಾರ್ಟ್ ಅಟ್ಯಾಕ್ ಹೆಚ್ಚಾಗಿ ಆಗುವುದು ರಕ್ತನಾಳದ ಗೋಡೆಯಲ್ಲಿ ಕಟ್ಟಿದ ಕೊಬ್ಬು ಒಡೆದು, ಅದರ ಮೇಲೆ ರಕ್ತ ಹೆಪ್ಪುಗಟ್ಟಿದಾಗ. ಪಿಸಿವಿ ನೋಡಿ ಹೆದರುವ ನೀವು ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್), ಬಿಪಿ, ಶುಗರ್ ಎಷ್ಟಿದೆ ಅಂತ ಬರೆದೇ ಇಲ್ಲ!

ನನ್ನ ಮೊದಲ ಅನುಮಾನ ಸಿಗರೇಟಿನ ಮೇಲೆ. ಹೊಗೆಯ ಕಾರ್ಬನ್ ಮೊನಾಕ್ಸೈಡ್ ರಕ್ತದಲ್ಲಿ ಆಮ್ಲಜನಕದ ಜಾಗ ಕಸಿಯುತ್ತದೆ. ಆ ಕೊರತೆ ತುಂಬಲು ದೇಹ ಇನ್ನಷ್ಟು ಕೆಂಪು ಕಣ ಮಾಡುತ್ತದೆ. ಜೋರು ಗೊರಕೆಯ ನಡುವೆ ಉಸಿರು ಕಟ್ಟುವವರಲ್ಲಿ, ಜಿಮ್‌ನಲ್ಲಿ ಟೆಸ್ಟೋಸ್ಟಿರಾನ್ ಚುಚ್ಚಿಸಿಕೊಳ್ಳುವ ಹುಡುಗರಲ್ಲೂ ಹೀಗಾಗುತ್ತದೆ. ಇನ್ನೊಮ್ಮೆ ಪರೀಕ್ಷೆ ಮಾಡಿಸಿ. ಆಗಲೂ ಇಷ್ಟೇ ಬಂದರೆ ರಕ್ತರೋಗ ತಜ್ಞರ ಹತ್ತಿರ ಹೋಗಿ ಜಾಕ್2 ಎಂಬ ಜೀನ್ ಪರೀಕ್ಷೆ ಆಗಲೇಬೇಕು. ಪಾಲಿಸೈಥೀಮಿಯಾ ವೆರಾ (ಮೂಳೆಮಜ್ಜೆ ಮಿತಿಮೀರಿ ಕೆಂಪು ಕಣ ಮಾಡುವ ಕಾಯಿಲೆ) ಇದ್ದರೆ ದಪ್ಪ ರಕ್ತವೇ ದೊಡ್ಡ ಅಪಾಯ. ಆಗ ರಕ್ತ ತೆಗೆದು ಪಿಸಿವಿ 45ಕ್ಕಿಂತ ಕೆಳಗಿಡುತ್ತಾರೆ. 2013ರಲ್ಲಿ ಪ್ರಕಟವಾದ ಇಟಲಿಯ ಅಧ್ಯಯನದಲ್ಲಿ, 45ರಿಂದ 50ರ ನಡುವೆ ಇಟ್ಟವರಿಗೆ ಹೃದಯ, ರಕ್ತನಾಳದ ತೊಂದರೆಯಿಂದ ಸಾವು ಅಥವಾ ದೊಡ್ಡ ಹೆಪ್ಪು ಬರುವ ಅಪಾಯ ಸುಮಾರು ನಾಲ್ಕು ಪಟ್ಟಿತ್ತು. ಅಂಥವರಿಗೆ ಲಾಭ, ಅಪಾಯ ಎರಡನ್ನೂ ಲೆಕ್ಕ ಹಾಕಿಯೇ ಆಸ್ಪಿರಿನ್ನೂ ಕೊಡುತ್ತೇವೆ.

ಸುಮ್ನೆ ನುಂಗಿದರೆ? 2018ರ ಮೂರು ದೊಡ್ಡ ಅಧ್ಯಯನಗಳಲ್ಲಿ, ಹೃದಯದ ಕಾಯಿಲೆ ಇಲ್ಲದವರಿಗೆ ಆಸ್ಪಿರಿನ್‌ನಿಂದ ಲಾಭ ಅಲ್ಪ ಅಥವಾ ಇಲ್ಲ, ರಕ್ತಸ್ರಾವ ಮಾತ್ರ ಜಾಸ್ತಿ. ಈ ವಾರವೇ ಡಾಕ್ಟರಿಗೆ ರಿಪೋರ್ಟ್ ತೋರಿಸಿ. ಮಾತ್ರೆ ಬೇಕೋ ಬೇಡವೋ ಅವರು ಹೇಳಲಿ. ಸಿಗರೇಟ್ ಬಿಡಲು ಯಾರನ್ನೂ ಕೇಳಬೇಕಿಲ್ಲ.

ಪ್ರಶ್ನೆ: ಬೆಳ್ಳುಳ್ಳಿ, ಶುಂಠಿ, ನಿಂಬೆರಸ, ಆಪಲ್ ವಿನೆಗರ್ ಕುದಿಸಿ ಜೇನು ಬೆರೆಸಿ ಕುಡಿದರೆ ಬ್ಲಾಕ್ ಕರಗುತ್ತಾ?

ಉತ್ತರ: ಇಲ್ಲ. ಇದನ್ನು ಬಾಟಲಿಗೆ ತುಂಬಿ "ಬೈಪಾಸ್ ಬೇಡ" ಅಂತ ಮಾರುವವರು ಜನರ ಜೀವದ ಜೊತೆ ಆಡುತ್ತಿದ್ದಾರೆ.

ಪ್ರಶ್ನೆ: ರಕ್ತದಾನ ಮಾಡಿದರೆ ಹಾರ್ಟ್ ಅಟ್ಯಾಕ್ ತಪ್ಪುತ್ತಾ?

ಉತ್ತರ: ಬೇಕಾದವರಿಗೆ ಸಿಗಲಿ ಅಂತ ದಾನ ಮಾಡಿ, ಚಿಕಿತ್ಸೆ ಅಂತಲ್ಲ.

ಪ್ರಶ್ನೆ: ಅಪ್ಪನಿಗೆ ಸ್ಟೆಂಟ್ ಹಾಕಿ ಮೂರು ತಿಂಗಳಾಯಿತು. ಹಲ್ಲು ಕೀಳಿಸಬೇಕು. ರಕ್ತ ತೆಳು ಮಾಡುವ ಮಾತ್ರೆ ನಿಲ್ಲಿಸಲಾ?

ಉತ್ತರ: ನೀವಾಗಿ ಒಂದು ದಿನವೂ ನಿಲ್ಲಿಸಬೇಡಿ. ಸ್ಟೆಂಟ್ ಒಳಗೇ ರಕ್ತ ಹೆಪ್ಪುಗಟ್ಟಿದರೆ ಜೀವಕ್ಕೇ ಕುತ್ತು. ಹಲ್ಲು ಕಿತ್ತ ಜಾಗದ ರಕ್ತವನ್ನು ಸಾಮಾನ್ಯವಾಗಿ ಒತ್ತಿ ಹಿಡಿದೇ ನಿಲ್ಲಿಸಬಹುದು. ಹಲ್ಲಿನ ಡಾಕ್ಟರು ಮೊದಲು ಹೃದಯದ ಡಾಕ್ಟರಿಗೆ ಒಂದು ಫೋನ್ ಮಾಡಲಿ.