ಡಿಕ್ಕಿಯಲ್ಲಿಟ್ಟ ಸೂಟ್‌ಕೇಸ್ ಹೋದರೆ ಹೊಣೆ ಯಾರದು?

ಪ್ರಶ್ನೆ: ಸರ್, ನನ್ನ ಮನೆ ಹುಬ್ಬಳ್ಳಿಯಲ್ಲಿ, ಕೆಲಸ ಬೆಂಗಳೂರಿನಲ್ಲಿ. ಮೂರು ವಾರದ ಹಿಂದೆ ತಮ್ಮನ ಮದುವೆಗೆಂದು ರಾತ್ರಿ ಖಾಸಗಿ ಸ್ಲೀಪರ್ ಬಸ್ ಹತ್ತಿದೆ. ಟಿಕೆಟ್ 1,100 ರೂಪಾಯಿ. ಕ್ಲೀನರೇ ನನ್ನ ಕಪ್ಪು ಸೂಟ್‌ಕೇಸ್ ಇಸಿದುಕೊಂಡು ಡಿಕ್ಕಿಯಲ್ಲಿಟ್ಟ. ಟೋಕನ್ ಕೊಡಲಿಲ್ಲ. ಬೆಳಿಗ್ಗೆ ಇಳಿದು ನೋಡಿದರೆ ಅದು ಇಲ್ಲ. ಅಂಥದ್ದೇ ಇನ್ನೊಂದು ಕಪ್ಪು ಸೂಟ್‌ಕೇಸ್ ಇತ್ತು, ಅದನ್ನು ಯಾರೂ ಕೇಳಲಿಲ್ಲ. ಬಸ್ಸು ಬೆಳಗಾವಿಗೆ ಹೊರಟೇ ಹೋಯಿತು. ಒಳಗೆ ಎರಡು ರೇಷ್ಮೆ ಸೀರೆ, ಅವ್ವನ ಇಳಕಲ್ ಸೀರೆ, ಒಂದು ಜೊತೆ ಚಿನ್ನದ ಜುಮುಕಿ ಇದ್ದವು. 'ಲಗೇಜಿಗೆ ನಾವು ಜವಾಬ್ದಾರರಲ್ಲ ಅಂತ ಟಿಕೆಟ್ ಮೇಲೇ ಇದೆ' ಅಂತಾರೆ ಆಫೀಸಿನವರು. ಠಾಣೆಯಲ್ಲಿ 'ಹಾವೇರಿಯಲ್ಲೋ ರಾಣೆಬೆನ್ನೂರಿನಲ್ಲೋ ಹೋಗಿರಬೇಕು, ಅಲ್ಲೇ ದೂರು ಕೊಡಿ' ಅಂದರು. ಪರಿಹಾರ ಸಿಗುತ್ತದಾ?
ಹೆಸರು ಬೇಡ, ಹುಬ್ಬಳ್ಳಿ

ಉತ್ತರ: ತಂಗಿ, ನಿಮ್ಮ ಪತ್ರ ಓದುವಾಗ ನನ್ನ ಕಣ್ಣು ನಿಂತದ್ದು ಆ ಇನ್ನೊಂದು ಸೂಟ್‌ಕೇಸಿನ ಮೇಲೆ. ಅದು ಯಾರದು ಅಂತ ಯಾರಾದರೂ ಹುಡುಕಿದರಾ? ನಸುಕಿನ ನಾಲ್ಕು ಗಂಟೆಗೆ ಹಾವೇರಿ ಬೈಪಾಸಿನಲ್ಲಿ ಬಸ್ ನಿಲ್ಲುತ್ತದೆ. ಕ್ಲೀನರ್ ಮೊಬೈಲ್ ಟಾರ್ಚ್ ಹಿಡಿದು ಡಿಕ್ಕಿ ತೆಗೆಯುತ್ತಾನೆ. ನಿದ್ದೆಗಣ್ಣಲ್ಲಿ ಇಳಿದವರು ಕೈಗೆ ಸಿಕ್ಕ ಕಪ್ಪು ಸೂಟ್‌ಕೇಸ್ ಎಳೆದುಕೊಂಡು ಹೋಗುತ್ತಾರೆ. ನಿಮ್ಮದು ಕಳುವಾಗಿಲ್ಲ, ಅದಲುಬದಲಾಗಿದೆ ಅಂತಲೇ ನನಗನ್ನಿಸುತ್ತದೆ. ಯಾರು ಎಲ್ಲಿ ಇಳಿದರು, ಅವರ ಫೋನ್ ನಂಬರ್ ಏನು, ಎಲ್ಲ ಆಫೀಸಿನವರ ಬುಕಿಂಗ್ ಪಟ್ಟಿಯಲ್ಲಿರುತ್ತದೆ. ಅವರು ಕೂತು ನಾಲ್ಕು ಫೋನ್ ಮಾಡಬೇಕಿತ್ತು. ಮಾಡಲಿಲ್ಲ ಅಂದರೆ ಅದೇ ಸೇವೆಯಲ್ಲಿನ ಕೊರತೆ. ಗ್ರಾಹಕರ ಆಯೋಗಕ್ಕೆ ಹಾಕುವ ದೂರಿನ ಮೊದಲ ಪ್ಯಾರಾದಲ್ಲೇ ಇದನ್ನು ಬರೆಯಿರಿ.

ಟಿಕೆಟ್ ಮೇಲಿನ ಆ ಸಾಲು ನೋಡಿ ಎದೆಗುಂದಬೇಡಿ. ಎಷ್ಟೋ ಜನ ಅದನ್ನು ಓದಿಯೇ ಸುಮ್ನೆ ಮನೆಗೆ ಹೋಗಿಬಿಡುತ್ತಾರೆ, ನನಗೆ ಸಂಕಟವಾಗುವುದು ಅದಕ್ಕೇ. ಕೇಳಬೇಕಾದ ಪ್ರಶ್ನೆ ಒಂದೇ: ಸಾಮಾನು ಯಾರ ಕೈಯಲ್ಲಿತ್ತು? ಸೀಟಿನ ಹತ್ತಿರ ನೀವೇ ಇಟ್ಟುಕೊಂಡ ಬ್ಯಾಗ್ ಹೋದರೆ ಬಸ್ಸಿನವರ ತಪ್ಪು ತೋರಿಸುವುದು ಕಷ್ಟ. ಡಿಕ್ಕಿಯದು ಹಾಗಲ್ಲ. ಕ್ಲೀನರ್ ಇಸಿದುಕೊಂಡ, ಒಳಗಿಟ್ಟ, ಬಾಗಿಲು ಹಾಕಿದ. ನೀವು ಮೇಲೆ ಮಲಗಿದ್ದಿರಿ. ಆಮೇಲೆ ಅದನ್ನು ಕಾಯಬೇಕಾದವರು ಅವರೇ ಅಲ್ವಾ? ಇನ್ನೊಬ್ಬರ ಸಾಮಾನು ಇಸಿದುಕೊಂಡವನು, ಬುದ್ಧಿಯಿದ್ದವನು ತನ್ನ ಸ್ವಂತ ಸಾಮಾನನ್ನು ನೋಡಿಕೊಳ್ಳುವಷ್ಟು ಜೋಪಾನವಾಗಿ ನೋಡಿಕೊಳ್ಳಬೇಕು ಅಂತ 1872ರ ಕರಾರು ಕಾಯ್ದೆಯ 151ನೇ ಕಲಮಿನಲ್ಲಿದೆ. ಟೋಕನ್ ಕೊಡದೆ, ಯಾರ ಬ್ಯಾಗ್ ಯಾರು ಒಯ್ದರು ಅಂತ ನೋಡದೆ ಡಿಕ್ಕಿ ತೆರೆದಿಟ್ಟರೆ ಅದು ಎಂಥ ಜೋಪಾನ?

'ಟೋಕನ್ ಇಲ್ಲ, ನಿಮ್ಮ ಸೂಟ್‌ಕೇಸ್ ಇತ್ತು ಅನ್ನುವುದಕ್ಕೆ ಸಾಕ್ಷಿ ಏನು' ಅಂತ ಖಂಡಿತ ಕೇಳುತ್ತಾರೆ. ಬ್ಯಾಗ್ ತುಂಬುವಾಗ ಸೀರೆ ಫೋಟೊ ತೆಗೆದು ಅವ್ವನಿಗೆ ವಾಟ್ಸಾಪ್ ಮಾಡಿದ್ದಿರಾ? ಹತ್ತುವಾಗ ಯಾರಾದರೂ ಬಿಡಲು ಬಂದಿದ್ದರಾ? ಅವತ್ತು ಬೆಳಿಗ್ಗೆ ಆಫೀಸಿಗೆ ಎಷ್ಟು ಸಲ ಫೋನ್ ಮಾಡಿದ್ದೀರಿ? ಆ ಕಾಲ್ ಪಟ್ಟಿ, ಮೆಸೇಜು, ಟಿಕೆಟ್ ಯಾವುದನ್ನೂ ಅಳಿಸಬೇಡಿ. ಸೀರೆಯ ಬಿಲ್ ಇಲ್ಲದಿದ್ದರೆ ಕಾರ್ಡಿನಲ್ಲಿ ದುಡ್ಡು ಕೊಟ್ಟ ದಾಖಲೆ ನಡೆಯುತ್ತದೆ. ಅವ್ವನ ಇಳಕಲ್ ಸೀರೆಗೆ ಬಿಲ್ ಎಲ್ಲಿಂದ ಬರಬೇಕು? ಅವರು ಉಟ್ಟ ಹಳೇ ಫೋಟೊ ಇದ್ದರೆ ಕೊಡಿ, ಪಟ್ಟಿಯಲ್ಲಿ ಅದನ್ನು ಬಿಡಬೇಡಿ.

ಜುಮುಕಿಯ ವಿಷಯ ಮಾತ್ರ ನೇರವಾಗಿ ಹೇಳಿಬಿಡುತ್ತೇನೆ. ಚಿನ್ನವನ್ನು ಡಿಕ್ಕಿಯಲ್ಲಿ ಯಾಕಿಟ್ಟಿರಿ, ಇಡುವಾಗ ಹೇಳಿದಿರಾ ಅಂತ ಎದುರಿನ ವಕೀಲರು ಹಿಡಿಯುತ್ತಾರೆ. ಅಂಗಡಿ ರಸೀದಿ ಇದ್ದರೆ ಕೇಳಿ, ಆದರೆ ಅದರ ಮೇಲೆ ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ. ಅದನ್ನು ಹಿಗ್ಗಿಸಿ ಬರೆದರೆ ಸೀರೆಯ ಲೆಕ್ಕದ ಮೇಲೂ ಅನುಮಾನ ಬರುತ್ತದೆ.

ಪೊಲೀಸರ ಮಾತಿಗೆ ಬರೋಣ. ಎಲ್ಲಿ ಹೋಯಿತೋ ಅಲ್ಲೇ ದೂರು ಕೊಡಬೇಕು ಅಂತೇನಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನ ಪ್ರಕಾರ, ಘಟನೆ ಎಲ್ಲೇ ನಡೆದಿರಲಿ, ಹುಬ್ಬಳ್ಳಿಯ ಠಾಣೆಯಲ್ಲೇ ಮಾಹಿತಿ ಕೊಡಬಹುದು. ಬರೆದು ಒಯ್ಯಿರಿ. ಎಫ್‌ಐಆರ್ ಆದರೆ ಪ್ರತಿಯನ್ನು ಪುಕ್ಕಟೆ ಕೊಡಬೇಕು.

ಇವತ್ತೇ ಬಸ್ ಆಫೀಸಿಗೆ ಸ್ಪೀಡ್ ಪೋಸ್ಟಿನಲ್ಲಿ ನೋಟಿಸ್ ಹಾಕಿ, ಇಮೇಲೂ ಮಾಡಿ. ಬುಕಿಂಗ್ ಪಟ್ಟಿ, ಸಿಸಿಟಿವಿ ದೃಶ್ಯ ಇಟ್ಟುಕೊಳ್ಳಿ, ಆ ಎರಡನೇ ಸೂಟ್‌ಕೇಸ್ ಈಗ ಎಲ್ಲಿದೆ ತಿಳಿಸಿ, 15 ದಿನದೊಳಗೆ ಇಷ್ಟು ಹಣ ಕೊಡಿ ಅಂತ ಸ್ಪಷ್ಟವಾಗಿ ಬರೆಯಿರಿ. ಸಿಸಿಟಿವಿ ದೃಶ್ಯ ಬಹಳ ದಿನ ಉಳಿಯುವುದಿಲ್ಲ, ಈಗಾಗಲೇ ಮೂರು ವಾರ ಹೋಗಿದೆ.

ಉತ್ತರ ಬರದಿದ್ದರೆ ಧಾರವಾಡದ ಜಿಲ್ಲಾ ಗ್ರಾಹಕರ ಆಯೋಗ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದ ಮೇಲೆ ನೀವು ವಾಸವಿರುವ ಅಥವಾ ಕೆಲಸ ಮಾಡುವ ಊರಿನಲ್ಲೇ ದೂರು ಹಾಕಬಹುದು. ಬಸ್ ಕಂಪನಿಯ ಮುಖ್ಯ ಕಚೇರಿ ಎಲ್ಲೇ ಇರಲಿ, ಅಲ್ಲಿಗೆ ಅಲೆಯಬೇಕಿಲ್ಲ. ವಕೀಲರು ಕಡ್ಡಾಯವಲ್ಲ. ಶುಲ್ಕ ಲೆಕ್ಕ ಹಾಕುವುದು ನೀವು ಸೇವೆಗೆ ಕೊಟ್ಟ ಹಣದ ಮೇಲೆ. 5 ಲಕ್ಷದವರೆಗೆ ಶುಲ್ಕವೇ ಇಲ್ಲ, ನಿಮ್ಮದು 1,100 ರೂಪಾಯಿ ಟಿಕೆಟ್. ಎರಡು ವರ್ಷದ ಒಳಗೆ ಹಾಕಬೇಕು. ಆ್ಯಪಿನಲ್ಲಿ ಬುಕ್ ಮಾಡಿದ್ದರೆ ಅವರನ್ನೂ ಎದುರುದಾರರಾಗಿ ಸೇರಿಸಿ. ಸಾಮಾನಿನ ಬೆಲೆಯ ಜೊತೆ ಮನಸ್ಸಿಗಾದ ತೊಂದರೆಗೆ, ಖರ್ಚಿಗೆ ಬೇರೆ ಬೇರೆಯಾಗಿ ಕೇಳಿ. ಬರೆಯುವಾಗ ಗೊಂದಲವಾದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ.

ಇದನ್ನು ಓದುತ್ತಿರುವ ಬೇರೆಯವರಿಗೂ ಒಂದು ಮಾತು. ಸರ್ಕಾರಿ ಬಸ್ಸಾದರೆ ಡಿಪೋ ಮ್ಯಾನೇಜರ್‌ಗೆ ಬರೆದು ಕೊಟ್ಟು ಸ್ವೀಕೃತಿ ಪಡೆಯಿರಿ, ಕಂಡಕ್ಟರ್ ಹರಿದುಕೊಟ್ಟ ಲಗೇಜ್ ಟಿಕೆಟ್ ಜೋಪಾನ ಮಾಡಿ. ಅಲ್ಲೂ ಗ್ರಾಹಕರ ಆಯೋಗದ ದಾರಿ ಇದ್ದೇ ಇದೆ. ತಂಗಿ, ನೋಟಿಸಿಗೆ ಅವರು ಏನು ಉತ್ತರ ಕೊಟ್ಟರು ಅಂತ ನನಗೆ ಬರೆಯಿರಿ. ದೂರಿನ ಕರಡು ನೋಡಿಕೊಡುತ್ತೇನೆ.