ಯುದ್ಧ ಬಿಡಿ, ರಕ್ತನಾಳದ ಗೋಡೆ ತೋರಿಸಿ

ಪ್ರಿಯ ಲೇಖಕರೇ,

ನೀವು ಕಳಿಸಿದ ‘ದಂಗೆಯೆದ್ದ ಸೈನಿಕರು’ ಓದಿದೆ. ರೋಗನಿರೋಧಕ ಕೋಶಗಳು ಹೃದಯದ ರಕ್ತನಾಳವನ್ನು ಬಿಗಿಯುವಂತೆ ಮಾಡುತ್ತವೆ ಅನ್ನೋದು ನಿಮ್ಮ ವಿಷಯ. ಕನ್ನಡದಲ್ಲಿ ಬರಲೇಬೇಕಾದ ವಿಷಯ ಅದು. ಆದರೆ ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ.

ಅರ್ಧ ಲೇಖನ ಬರೀ ಕೋಟೆ, ಕಾವಲು, ದ್ರೋಹ. ಅಷ್ಟು ಓದಿದ ಮೇಲೂ ನಾಳ ಯಾಕೆ ಬಿಗಿಯಿತು ಅಂತ ಗೊತ್ತಾಗುವುದಿಲ್ಲ. ‘ಕೋಶಗಳು ರಾಸಾಯನಿಕ ಬಿಡುತ್ತವೆ, ನಾಳ ಕುಗ್ಗುತ್ತದೆ’ ಅಂತ ಒಂದೇ ಸಾಲಿನಲ್ಲಿ ದಾಟಿಬಿಟ್ಟಿದ್ದೀರಿ. ನಾನು ಓದಬೇಕೆಂದಿದ್ದ ಲೇಖನ ಆ ಸಾಲಿನೊಳಗಿದೆ.

ಹಿಸ್ಟಮೀನ್ ಎಂಬ ರಾಸಾಯನಿಕವನ್ನೇ ತೆಗೆದುಕೊಳ್ಳಿ. ಹೃದಯದ ರಕ್ತನಾಳದ ಗೋಡೆಯಲ್ಲಿ ಮಾಸ್ಟ್ ಕೋಶ ಎಂಬ ರೋಗನಿರೋಧಕ ಕೋಶಗಳಿರುತ್ತವೆ. ಅಲರ್ಜಿ ಕೆರಳಿದಾಗ ಅವು ಹಿಸ್ಟಮೀನ್ ಸುರಿಸುತ್ತವೆ. ನಾಳದ ಒಳಪದರ ಚೆನ್ನಾಗಿದ್ದರೆ, ಹಿಸ್ಟಮೀನ್ ತಾಗಿದಾಗ ಅದು ನೈಟ್ರಿಕ್ ಆಕ್ಸೈಡ್ ಬಿಡುತ್ತದೆ. ಆಗ ಸ್ನಾಯು ಸಡಿಲವಾಗಿ ನಾಳ ಹಿಗ್ಗುತ್ತದೆ. ಒಳಪದರ ಹಾಳಾಗಿದ್ದರೆ ಅದೇ ಹಿಸ್ಟಮೀನ್ ಸ್ನಾಯುವನ್ನು ಬಿಗಿಯುತ್ತದೆ. ಒಂದೇ ವಸ್ತು, ಎರಡು ತದ್ವಿರುದ್ಧ ಫಲ! ಇದನ್ನು ಬಿಟ್ಟು ಕೋಶಗಳನ್ನು ಸುಮ್ನೆ ‘ದ್ರೋಹಿಗಳು’ ಅಂದರೆ ಹೇಗೆ?

ಗ್ರೀಸ್‌ನ ವೈದ್ಯ ನಿಕೋಲಸ್ ಕೌನಿಸ್ ಅವರನ್ನು ಕೊನೆಗೆ ತಳ್ಳಿದ್ದೀರಿ. ಅವರನ್ನು ಮೊದಲಿಗೆ ತನ್ನಿ. ಅಲರ್ಜಿಯಿಂದ ಬರುವ ಎದೆನೋವನ್ನು ಅವರು 1991ರಲ್ಲಿ ವಿವರಿಸಿದರು. ಈಗ ಅದಕ್ಕೆ ಕೌನಿಸ್ ಸಿಂಡ್ರೋಮ್ ಎಂದೇ ಹೆಸರು. ಜೇನುಹುಳ ಕಚ್ಚಿಯೋ ಔಷಧಿ ಒಗ್ಗದೆಯೋ ಹೃದಯಾಘಾತವೇ ಆಗಬಹುದು ಅಂದರೆ ಓದುಗರು ಕಣ್ಣರಳಿಸಿ ಓದುತ್ತಾರೆ, ಅಲ್ವಾ?

ಅಲರ್ಜಿಯ ಜೊತೆಗೆ ನಿಧಾನದ ಉರಿಯೂತವೂ ಇದೆ. ಜಪಾನಿನ ಸಂಶೋಧಕರು ಹಂದಿಗಳ ಹೃದಯದ ರಕ್ತನಾಳದ ಹೊರಗೋಡೆಗೆ ಇಂಟರ್‌ಲ್ಯೂಕಿನ್-1 ಬೀಟಾ ಹಚ್ಚಿದರು. ರೋಗನಿರೋಧಕ ಕೋಶಗಳು ಬಿಡುವ ಸಂದೇಶವಸ್ತು ಅದು. ಆಮೇಲೆ ಹಿಸ್ಟಮೀನ್ ಅಥವಾ ಸೆರೊಟೋನಿನ್ ಎಂಬ ಇನ್ನೊಂದು ರಾಸಾಯನಿಕ ಕೊಟ್ಟರೆ ನಾಳ ಅದೇ ಜಾಗದಲ್ಲಿ ಸೆಟೆದುಕೊಂಡಿತು. ಅಲ್ಲಿನ ಸ್ನಾಯುವಿನಲ್ಲಿ ರೋ-ಕೈನೇಸ್ ಎಂಬ ಕಿಣ್ವದ ಚಟುವಟಿಕೆ ಜಾಸ್ತಿಯಾಗಿತ್ತು. ಬಿಗಿದ ಸ್ನಾಯು ಸಡಿಲವಾಗಲು ಈ ಕಿಣ್ವ ಬಿಡುವುದಿಲ್ಲ. ಇದಕ್ಕೆ ಒಂದಿಡೀ ಪುಟ ಕೊಡಿ.

‘ದಿನಾ ಅರಿಶಿನದ ಹಾಲು ಕುಡಿದರೆ ನಾಳದ ಈ ಬಿಗಿತ ಬರುವುದಿಲ್ಲ’ ಎಂಬ ಭಾಗವನ್ನು ಪೂರ್ತಿ ತೆಗೆಯಿರಿ. ಅದಕ್ಕೆ ನೀವು ಯಾವ ಆಧಾರವನ್ನೂ ಕೊಟ್ಟಿಲ್ಲ. ಎದೆನೋವು ಬಂದವರು ಇದನ್ನು ನಂಬಿ ಆಸ್ಪತ್ರೆಗೆ ಹೋಗುವುದನ್ನು ತಡಮಾಡಿದರೆ? ಆ ಜಾಗದಲ್ಲಿ, ಎದೆ ಬಿಗಿದರೆ ಕೂಡಲೇ ಆಸ್ಪತ್ರೆಗೆ ಹೋಗಿ, ಅಲರ್ಜಿ ಆಗಿದ್ದರೆ ಅದನ್ನೂ ವೈದ್ಯರಿಗೆ ಹೇಳಿ ಎಂದು ಬರೆಯಿರಿ.

ತಿದ್ದಿ ಕಳಿಸಿ, ಕಾಯುತ್ತಿರುತ್ತೇನೆ.

ಸಂಪಾದಕ